ಮೊಳೆಬಾಯಿಯ ಹಲ್ಲು

ಅವನಿಗೆ ಮೊಳೆಬಾಯಿ ಎಂಬ ಹೆಸರು ಬಿದ್ದದ್ದು ಮದುವೆಗೂ ಮುಂಚೆ. ಮದುವೆಯಾಗಿ ಬಂದ ದಿನದಿಂದ ಅವಳು ಮೊಳೆಬಾಯಿಯ ಹೆಂಡತಿಯಾದಳು. ಅಂಗಡಿ ಸಾಲಿನಲ್ಲಿ ಅವನ ಅಪ್ಪ ಅಮ್ಮ ಇಟ್ಟ ಹೆಸರು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಮೊಳೆಬಾಯಿ ಎಲ್ಲಿ ಎಂದರೆ ಸಣ್ಣ ಮಕ್ಕಳೂ ಕೈ ತೋರಿಸುತ್ತಿದ್ದರು.

ಹಳೆಯ ಕುರ್ಚಿ, ಸೋಫಾಗಳಿಗೆ ಹೊಸ ಮೈ ಕೊಡುವುದು ಅವನ ಕೆಲಸ. ಹರಿದ ಬಟ್ಟೆ ಕಿತ್ತು, ಒಳಗಿನ ನಾರು ತೆಗೆದು, ಸೆಣಬಿನ ಪಟ್ಟಿಗಳನ್ನು ಹೊಸದಾಗಿ ಬಿಗಿದು, ಸ್ಪ್ರಿಂಗು ಕಟ್ಟಿ, ನಾರು ಹರಡಿ, ಫೋಮು ಅಂಟಿಸಿ, ಮೇಲೆ ಬಟ್ಟೆ ಎಳೆದು ಮೊಳೆ ಹೊಡೆಯಬೇಕು. ಬಟ್ಟೆ ಎಳೆದು ಹಿಡಿಯುವುದಕ್ಕೆ ಒಂದು ಕೈ. ಸುತ್ತಿಗೆಗೆ ಒಂದು ಕೈ. ಮೊಳೆ ಎತ್ತಿಕೊಡುವುದಕ್ಕೆ ಮೂರನೇ ಕೈ ಯಾರಿಗೂ ಇಲ್ಲ. ಅದಕ್ಕೇ ಬಾಯಿ. ಒಂದು ಹಿಡಿ ಸಣ್ಣ ಮೊಳೆಗಳನ್ನು ಕಡಲೆಪುರಿ ಹಾಕಿಕೊಂಡ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ನಾಲಿಗೆಯಲ್ಲೇ ಒಂದೊಂದನ್ನು ತಿರುಗಿಸಿ, ತಲೆ ಹೊರಗೆ ಬರುವಂತೆ ಹಲ್ಲಿನ ನಡುವೆ ತಂದು ನಿಲ್ಲಿಸುತ್ತಿದ್ದ. ಸುತ್ತಿಗೆಯ ಮೂತಿಯಲ್ಲಿ ಅಯಸ್ಕಾಂತ. ಅದು ತುಟಿಯ ಹತ್ತಿರ ಬಂದು ಮೊಳೆಯನ್ನು ಕಚ್ಚಿಕೊಂಡು ಹೋಗಿ ಮರಕ್ಕೆ ಬಡಿಯುವುದು. ಮತ್ತೆ ಬರುವುದು, ಮತ್ತೆ ಬಡಿಯುವುದು. ನೋಡಿದವರಿಗೆ ಅವನು ಮೊಳೆಯನ್ನು ಉಗುಳಿ ಉಗುಳಿ ಸೋಫಾ ಕಟ್ಟುತ್ತಿದ್ದಾನೆ ಅನ್ನಿಸಬೇಕು.

ಪಕ್ಕದ ಮಳಿಗೆಯಲ್ಲಿ ದರ್ಜಿ. ದಿಂಬಿನ ಕವರು, ಸೋಫಾದ ಅಂಚು ಎಲ್ಲ ಅವನೇ ಹೊಲಿದುಕೊಡುತ್ತಿದ್ದ. ಇಬ್ಬರ ನಡುವೆ ಒಂದು ಹಲಗೆಯ ಗೋಡೆ. ದಿನವಿಡೀ ಅದರ ಮೇಲೆ ಮಾತು ಹಾಯುತ್ತಿತ್ತು.

"ನನ್ನ ಸಂಸಾರ ಹೇಗೆ ನಡೀತು ಗೊತ್ತೇನೋ?" ಎಂದು ಮೊಳೆಬಾಯಿ ಒಮ್ಮೆ ಹೇಳಿದ್ದ. "ಇವಳು ಬೈಯೋವಾಗೆಲ್ಲ ನನ್ನ ಬಾಯಲ್ಲಿ ಮೊಳೆ. ತಿರುಗಿ ಒಂದು ಮಾತಾಡೋ ಹಾಗಿಲ್ಲ."

"ನೀನು ಪುಣ್ಯವಂತ ಕಣೋ," ಎಂದ ದರ್ಜಿ. "ನನ್ನ ಬಾಯಲ್ಲಿ ಸೂಜಿ ಇದ್ರೂ ನನ್ನವಳು ಬಿಡಲ್ಲ. ಉಗಿದು ಉತ್ತರ ಕೊಡು ಅಂತಾಳೆ."

ಅವಳು ಅಂಗಡಿಯ ಮೂಲೆಯಲ್ಲಿ ಕೂತು ನಾರು ಬಿಡಿಸುತ್ತಿದ್ದಳು. ಜನ ಕೂತು ಕೂತು ಗಟ್ಟಿಯಾಗಿ ಹೋದ ಹಳೆಯ ನಾರು. ಅದನ್ನು ಎಳೆಎಳೆಯಾಗಿ ಹಿಂಜಿದರೆ ಮತ್ತೆ ಉಬ್ಬುತ್ತದೆ. ಕೆಮ್ಮು ಬರುವ ಕೆಲಸ. ಅವಳಿಗೆ ಕೆಮ್ಮು ಬರಲಿಲ್ಲ. ಒಬ್ಬಳೇ ಮಗಳು ಆ ನಾರಿನ ರಾಶಿಯ ಮೇಲೆ ಮಲಗಿಯೇ ದೊಡ್ಡವಳಾದಳು, ಮದುವೆಯಾಗಿ ಹೋದಳು.

ಐವತ್ತು ದಾಟುವ ಹೊತ್ತಿಗೆ ಅವನ ವಸಡು ಕೆಟ್ಟಿತು. ಹಲ್ಲುಗಳು ಒಂದೊಂದೇ ಅಲ್ಲಾಡಿದವು. ಕೊನೆಗೆ ಉಳಿದವನ್ನೂ ಕೀಳಿಸಿ, ಮೇಲೆ ಕೆಳಗೆ ಪೂರ್ತಿ ಸೆಟ್ಟು ಕಟ್ಟಿಸಿಕೊಂಡ. ಕನ್ನಡಿಯ ಮುಂದೆ ನಿಂತು ಹಲ್ಲು ಕಿರಿದು, "ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನನಗೀಗ ಎರಡೂ ಇದೆ ನೋಡು," ಎಂದ.

ಕಡಲೆ ಅಗಿಯಲು ಆ ಹಲ್ಲು ಸಾಕಿತ್ತು. ಮೊಳೆ ಹಿಡಿಯಲು ಸಾಲಲಿಲ್ಲ. ಕೆಳಗಿನ ಸೆಟ್ಟು ಮೊಳೆಯ ಭಾರಕ್ಕೇ ಜಾರಿಬಿಡುತ್ತಿತ್ತು. ಒಂದು ದಿನ ಗಿರಾಕಿಯ ಎದುರಿಗೇ ಹಲ್ಲೂ ಮೊಳೆಯೂ ಒಟ್ಟಿಗೆ ನೆಲಕ್ಕೆ ಬಿದ್ದವು. ಗಿರಾಕಿ ಹೆದರಿ ಎದ್ದು ನಿಂತಳು. ದರ್ಜಿ ಹಲಗೆಯ ಆಚೆಯಿಂದ, "ಏನೋ ಅದು, ಬಾಯೇ ಬಿತ್ತಾ?" ಎಂದು ಕೂಗಿದ. ಮೊಳೆಬಾಯಿ ಆ ದಿನ ನಗಲಿಲ್ಲ. ಅಂಗಡಿ ಬೇಗ ಮುಚ್ಚಿ ಮನೆಗೆ ಬಂದ.

ಹೆಂಡತಿಯ ತಮ್ಮ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನು ಒಂದು ಟ್ಯೂಬು ತಂದುಕೊಟ್ಟ. ಕಟ್ಟಿಸಿದ ಹಲ್ಲು ಅಲ್ಲಾಡದ ಹಾಗೆ ಹಿಡಿದಿಡುವ ಅಂಟು.

"ಭಾವ, ಇದನ್ನ ಹಚ್ಚಿ ನೋಡಿ. ಕಡಲೆಕಾಳಿನಷ್ಟು ಸಾಕು."

"ಕಡಲೆಕಾಳಿನಷ್ಟು ಅಂಟಿಗೆ ಏನು ನಿಲ್ಲುತ್ತೋ? ನೀನು ಔಷಧಿ ಮಾರೋನು. ಅಂಟಿನ ವಿಷಯ ನನ್ನ ಕೇಳು."

ಅಂಟಿನ ವಿಷಯದಲ್ಲಿ ಅವನಿಗೆ ಒಂದೇ ನಿಯಮ. ಫೋಮಿಗೆ ಅಂಟು ಹಚ್ಚುವಾಗ ಜಿಪುಣತನ ಮಾಡಿದವನ ಸೋಫಾ ವರ್ಷದೊಳಗೆ ಬಾಯಿ ಬಿಡುತ್ತದೆ. ಮೂಲೆ ಮೂಲೆಗೂ ಹೋಗಬೇಕು, ಅಂಚಿನಿಂದ ಸ್ವಲ್ಪ ಹೊರಗೆ ಬಂದರೆ ಸರಿಯಾಗಿದೆ ಎಂದು ಅರ್ಥ. ಅದೇ ಲೆಕ್ಕದಲ್ಲಿ ಹಲ್ಲುಸೆಟ್ಟಿನ ಕಾಲುವೆಯ ತುಂಬ ಅಂಟು ತುಂಬಿದ. ಬೆಳಿಗ್ಗೆ ಒಂದು ಸಲ, ಊಟವಾದ ಮೇಲೆ ಒಂದು ಸಲ, ಸಂಜೆ ಕೆಲಸ ಹೆಚ್ಚಿದ್ದರೆ ಮತ್ತೊಂದು ಸಲ. ಹೊರಗೆ ಬಂದದ್ದನ್ನು ನಾಲಿಗೆಯಲ್ಲಿ ಒರೆಸಿ ನುಂಗುತ್ತಿದ್ದ. ಹಲ್ಲು ಬಂಡೆಯ ಹಾಗೆ ನಿಂತಿತು. ಮೊಳೆ ಮೊದಲಿನಂತೆ ಬಂತು. ಅಂಗಡಿಯಲ್ಲಿ ಸುತ್ತಿಗೆಯ ಸದ್ದು ಮತ್ತೆ ಶುರುವಾಯಿತು. ವರ್ಷಗಟ್ಟಲೆ ಏನೂ ಆಗಲಿಲ್ಲ. ಟ್ಯೂಬು ಮುಗಿದಾಗೆಲ್ಲ ಅವಳು ತಂದಿಡುತ್ತಿದ್ದಳು, ಸೋಪು ತರುವ ಹಾಗೆ, ಬೆಂಕಿಪೊಟ್ಟಣ ತರುವ ಹಾಗೆ.

ಮೊದಲು ಹೋದದ್ದು ಚಪ್ಪಲಿ. ಒಂದು ಸಂಜೆ ಅವನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದ. ಇನ್ನೊಂದು ದಾರಿಯಲ್ಲಿ ಎಲ್ಲೋ ಕಳಚಿ ಬಿದ್ದದ್ದು ಗೊತ್ತೇ ಆಗಿರಲಿಲ್ಲ. ಅವಳು ನಕ್ಕಳು. ಅವನೂ ನಕ್ಕ. ಆಮೇಲೆ ಕೂತು ಪಾದ ಮುಟ್ಟಿ ನೋಡಿಕೊಂಡ.

"ಕಾಲಿನ ಕೆಳಗೆ ಯಾರೋ ಫೋಮು ಅಂಟಿಸಿದ ಹಾಗಿದೆ ಕಣೇ," ಎಂದ.

ಜೋಮು ಪಾದದಿಂದ ಮೊಣಕಾಲಿಗೆ ಏರಿತು. ನಡೆಯುವಾಗ ಗೋಡೆ ಹಿಡಿಯತೊಡಗಿದ. ಕಣ್ಣು ಮುಚ್ಚಿ ಮುಖ ತೊಳೆಯಲು ಹೋದರೆ ಬೀಳುತ್ತಿದ್ದ. ಬೀದಿ ಕೊನೆಯ ಡಾಕ್ಟರು ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿದರು. ಸಕ್ಕರೆ ಇರಲಿಲ್ಲ. ಕುಡಿತ ಇದೆಯಾ ಎಂದರು. ಇರಲಿಲ್ಲ. ವಿಟಮಿನ್ ಸೂಜಿ ಕೊಟ್ಟರು. ಸೂಜಿ ಚುಚ್ಚಿದ್ದೂ ಕಾಲಿಗೆ ಗೊತ್ತಾಗಲಿಲ್ಲ. ಆಮೇಲೆ ಬೆರಳಿಗೆ ಬಂತು. ಬಟ್ಟೆ ಎಳೆದು ಹಿಡಿದಿದ್ದೇನೆ ಎಂದುಕೊಂಡು ನೋಡಿದರೆ ಕೈ ಬರಿದಾಗಿರುತ್ತಿತ್ತು. ಸುತ್ತಿಗೆ ಜಾರಿ ಮಂಡಿಯ ಮೇಲೆ ಬಿದ್ದರೂ ನೋಡಿಯೇ ತಿಳಿಯಬೇಕಿತ್ತು.

ಡಾಕ್ಟರು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು.

ದೊಡ್ಡ ಆಸ್ಪತ್ರೆಯಲ್ಲಿ ನರದ ವಿಭಾಗ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ. ಅಲ್ಲಿನ ದೊಡ್ಡ ಡಾಕ್ಟರು ಬಿಳಿ ಕೂದಲಿನವರು, ಮೆಲ್ಲಗೆ ಮಾತಾಡುವವರು. ಹಿಂದೆ ಯಾವಾಗಲೂ ಕಲಿಯುವ ಡಾಕ್ಟರುಗಳ ಹಿಂಡು. ಅವನ ಕೆಲಸ ಏನು ಎಂದು ಕೇಳಿದರು. ಬಾಯಲ್ಲಿ ಮೊಳೆ ಇಟ್ಟುಕೊಳ್ಳುತ್ತೇನೆ ಎಂದ. ಹಿಂಡಿನಲ್ಲಿ ಒಂದು ಗುಜುಗುಜು ಎದ್ದಿತು. ದೊಡ್ಡ ಡಾಕ್ಟರ ಮುಖ ಅರಳಿತು.

"ಎಷ್ಟು ವರ್ಷದಿಂದ?"

"ಮೀಸೆ ಬರೋಕೆ ಮುಂಚಿನಿಂದ ಸ್ವಾಮಿ."

"ಯಾವತ್ತಾದ್ರೂ ನುಂಗಿದೀರಾ?"

"ಒಂದೆರಡು ಹೋಗಿರಬಹುದು. ಅವು ಇರೋಕೆ ಬರಲಿಲ್ಲ, ಹೊರಗೆ ಹೋದವು."

ಹಿಂಡು ನಕ್ಕಿತು. ಆಗ ಅವನು ಕೇಳಿದ, "ಸ್ವಾಮಿ, ನಾನು ಮತ್ತೆ ಸುತ್ತಿಗೆ ಹಿಡೀತೀನಾ?"

"ಮೊದಲು ಕಾರಣ ಗೊತ್ತಾಗಲಿ," ಎಂದರು ದೊಡ್ಡ ಡಾಕ್ಟರು.

ಅಲ್ಲಿಂದ ಮೊಳೆಯ ಕಾಲ ಶುರುವಾಯಿತು. ಅಂಗಡಿಯಿಂದ ಮೊಳೆ ತನ್ನಿ ಎಂದು ಹೆಂಡತಿಗೆ ಹೇಳಿದರು. ತಂದುಕೊಟ್ಟಳು. ಹಳೆಯ ಮೊಳೆ ಇದ್ದರೆ ತನ್ನಿ ಎಂದರು. ತಂದುಕೊಟ್ಟಳು. ಮೊಳೆಗೆ ಹಚ್ಚಿದ ಬಣ್ಣ, ಹಿಡಿದ ತುಕ್ಕು, ಬೆರೆತ ಸೀಸ ಎಲ್ಲವೂ ಯಾವುದೋ ಊರಿನ ಪ್ರಯೋಗಾಲಯಕ್ಕೆ ಹೋಗಿಬಂದವು. ರಕ್ತದಲ್ಲಿ ಸೀಸ ಹುಡುಕಿದರು, ಇರಲಿಲ್ಲ. ಕಬ್ಬಿಣ ಹುಡುಕಿದರು, ಹೆಚ್ಚಿರಲಿಲ್ಲ. "ನನಗಿಂತ ನನ್ನ ಮೊಳೆಗೆ ಮರ್ಯಾದೆ ಜಾಸ್ತಿ," ಎಂದ ಅವನು. "ಅದಕ್ಕೆ ಗಾಜಿನ ಡಬ್ಬಿ, ನನಗೆ ಕಬ್ಬಿಣದ ಮಂಚ."

ಒಂದು ದಿನ ಕಲಿಯುವ ಡಾಕ್ಟರು ಹುಡುಗಿ ಅವಳನ್ನು ಒಬ್ಬಳೇ ಕರೆದು ಬೆಂಚಿನ ಮೇಲೆ ಕೂರಿಸಿ ಕೇಳಿದಳು.

"ಮನೇಲಿ ಇಲಿ ಪಾಷಾಣ ಇಟ್ಟಿದೀರಾ ಅಮ್ಮ?"

"ಇಲ್ಲ. ಇಲಿ ಇಲ್ಲ."

"ನೀವು ಗಂಡ ಹೆಂಡ್ತಿ ಹೇಗೆ? ಚೆನ್ನಾಗಿದೀರಾ?"

"ಇದೀವಿ."

ಇದನ್ನು ದರ್ಜಿಗೆ ಹೇಳಿದಾಗ ಅವನು ಕತ್ತರಿ ಕೆಳಗಿಟ್ಟು ಅವಳ ಮುಖ ನೋಡಿದ. "ಅತ್ತಿಗೆ, ನಿಮಗೆ ಗೊತ್ತಾಗಲಿಲ್ವಾ? ನೀವೇ ವಿಷ ಹಾಕ್ತಿದೀರಾ ಅಂತ ಕೇಳಿದ್ದು ಅವರು." ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೇಳಿದರೆ ಕೇಳಲಿ, ಕಾರಣ ಸಿಕ್ಕರೆ ಸಾಕು ಅನ್ನಿಸಿತು.

ತಿನ್ನುವುದು ಏನು, ಕುಡಿಯುವುದು ಏನು, ಯಾವ ಬಾವಿಯ ನೀರು, ಯಾವ ಪಾತ್ರೆ, ಅಪ್ಪ ಹೇಗೆ ಸತ್ತ, ಅಜ್ಜ ಹೇಗೆ ಸತ್ತ, ಮನೆಯಲ್ಲಿ ಯಾರಾದರೂ ಕುಂಟುತ್ತಿದ್ದರಾ, ಎಲ್ಲ ಕೇಳಿದರು. ಯಾವ ಔಷಧಿ ತಗೊಳ್ಳುತ್ತಾರೆ ಎಂದು ಬಂದವರೆಲ್ಲ ಕೇಳಿದರು. ಯಾವುದೂ ಇಲ್ಲ ಎಂದು ಬಂದವರಿಗೆಲ್ಲ ಅವಳು ಹೇಳಿದಳು. ಅದು ಸುಳ್ಳಲ್ಲ. ಹಲ್ಲಿನ ಅಂಟು ತಿನ್ನುವುದಲ್ಲ, ಕುಡಿಯುವುದಲ್ಲ, ಔಷಧಿಯಲ್ಲ.

ದೊಡ್ಡ ಯಂತ್ರದ ಕೊಳವೆಯೊಳಗೆ ಅವನನ್ನು ಮಲಗಿಸಿ ಬೆನ್ನುಹುರಿಯ ಚಿತ್ರ ತೆಗೆದರು. ಅದರೊಳಗೆ ಲೋಹ ಹೋಗಬಾರದು. ಉಂಗುರ ತೆಗೆಯಿರಿ, ಬೆಲ್ಟು ತೆಗೆಯಿರಿ, ಹಲ್ಲು ತೆಗೆಯಿರಿ ಎಂದಳು ನರ್ಸು. ಹಲ್ಲು ಸುಲಭಕ್ಕೆ ಬರಲಿಲ್ಲ. ಅವನ ಬೆರಳಿಗೆ ಬಲವಿರಲಿಲ್ಲ. ಹೆಂಡತಿಯೇ ಹೆಬ್ಬೆರಳು ಹಾಕಿ ಕಿತ್ತಳು. ಎಳೆಎಳೆಯಾಗಿ ಅಂಟು ಬಂತು.

"ಅಯ್ಯಯ್ಯೋ, ಏನಮ್ಮಾ ಇಷ್ಟೊಂದು ಅಂಟು?" ಎಂದು ನರ್ಸು ಮುಖ ಹಿಂಡಿದಳು. "ಆ ಕಡೆ ನಲ್ಲಿ ಇದೆ, ತೊಳ್ಕೊಂಡು ಇಟ್ಕೊಳಿ. ಕಳೆದುಹೋದ್ರೆ ನಾವು ಜವಾಬ್ದಾರಿ ಅಲ್ಲ."

ಯಂತ್ರ ಒಳಗೆ ಬಡಿದುಕೊಳ್ಳುತ್ತಿತ್ತು. ಅವಳು ಹೊರಗೆ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದು ಕೂತಿದ್ದಳು. ಆ ಚಿತ್ರ ತೆಗೆಯಲು ಎಷ್ಟೋ ಸಲ ಹೋದರು. ಪ್ರತಿ ಸಲವೂ ಹಲ್ಲು ಅವಳ ಕೈಯಲ್ಲಿ. ಹಿಂಡು ಅವಳ ಮುಂದೆಯೇ ಹಾದುಹೋಗಿ ಒಳಗೆ ಚಿತ್ರ ನೋಡುತ್ತಿತ್ತು.

ರಕ್ತವೂ ಕೆಟ್ಟಿದೆ ಎಂದರು. ಕೆಂಪು ಕಣ ಕಡಿಮೆ, ಬಿಳಿ ಕಣ ಅದಕ್ಕಿಂತ ಕಡಿಮೆ. ನರದವರು ರಕ್ತದವರ ಹತ್ತಿರ ಕಳಿಸಿದರು. ರಕ್ತದವರು ಸೊಂಟದ ಮೂಳೆಗೆ ತೂತು ಹಾಕಿ ಮಜ್ಜೆ ತೆಗೆದರು. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆದರು. ಕಾಲಿನಿಂದ ಒಂದು ನರದ ತುಂಡನ್ನೇ ಕತ್ತರಿಸಿ ತೆಗೆದರು. ಅಪರೂಪದ ಕಾಯಿಲೆ ಇರಬೇಕು, ಮೈ ತನ್ನ ನರವನ್ನು ತಾನೇ ತಿನ್ನುತ್ತಿರಬೇಕು ಎಂದು ದೊಡ್ಡ ಡಾಕ್ಟರು ಹೇಳಿದರು. ಅದಕ್ಕೊಂದು ಉದ್ದನೆಯ ಹೆಸರು. ಕಲಿಯುವವರು ಬರೆದುಕೊಂಡರು. ಅದಕ್ಕೆ ಮಾತ್ರೆ ಶುರುವಾಯಿತು. ಮಾತ್ರೆಗೆ ಮುಖ ಉಬ್ಬಿತು, ಮೈ ಇಳಿಯಿತು, ವಸಡು ಇನ್ನಷ್ಟು ಸವೆಯಿತು. ಹಲ್ಲು ಮತ್ತೆ ಸಡಿಲವಾಯಿತು.

ಅಂಟು ಹೆಚ್ಚಾಯಿತು. ಈಗ ಅವನ ಕೈಗೆ ಟ್ಯೂಬು ಹಿಂಡಲು ಆಗುತ್ತಿರಲಿಲ್ಲ. ಅವಳೇ ಹಿಂಡುತ್ತಿದ್ದಳು. "ಇನ್ನೂ ಸ್ವಲ್ಪ," ಎನ್ನುತ್ತಿದ್ದ ಅವನು. "ಮೂಲೆಗೆ ಹೋಗಲಿಲ್ಲ ನೋಡು." ಮೊಳೆ ಬಿಟ್ಟು ಬಹಳ ಕಾಲವಾಗಿತ್ತು. ಹಲ್ಲು ಬಿಟ್ಟಿರಲಿಲ್ಲ. ಹಲ್ಲಿಲ್ಲದ ಬಾಯಿಯನ್ನು ಹೆಂಡತಿ ಬಿಟ್ಟು ಇನ್ನೊಬ್ಬರಿಗೆ ಅವನು ತಾನಾಗಿ ತೋರಿಸಿದವನಲ್ಲ.

ಬೆಳಗಿನ ರೌಂಡ್ಸಿಗೆ ಡಾಕ್ಟರು ಬಂದಾಗೆಲ್ಲ ಅದೇ ಪ್ರಶ್ನೆ ಕೇಳುತ್ತಿದ್ದ. "ಸುತ್ತಿಗೆ ಹಿಡೀತೀನಾ ಸ್ವಾಮಿ?" ಮೊದಲು ನೋಡೋಣ ಎನ್ನುತ್ತಿದ್ದ ದೊಡ್ಡ ಡಾಕ್ಟರು ಆಮೇಲೆ ಭುಜ ತಟ್ಟುತ್ತಿದ್ದರು. ಆಮೇಲೆ ಭುಜವನ್ನೂ ತಟ್ಟದೆ ಮುಂದಿನ ಮಂಚಕ್ಕೆ ಹೋಗುತ್ತಿದ್ದರು.

ಬಾಯಲ್ಲಿ ಹುಣ್ಣಾಯಿತು. ನೀರು ನುಂಗಲೂ ಆಗದಂತೆ ಆಯಿತು. ಬಾಯಿಯ ಹುಣ್ಣು ನಮ್ಮದಲ್ಲ, ಹಲ್ಲಿನ ವಿಭಾಗಕ್ಕೆ ಹೋಗಿ ಎಂದು ಕಲಿಯುವ ಡಾಕ್ಟರೊಬ್ಬ ಬರೆದುಕೊಟ್ಟ. ಹಲ್ಲಿನ ವಿಭಾಗ ಅದೇ ಕಟ್ಟಡದ ನೆಲಮಹಡಿಯಲ್ಲಿ, ಕ್ಯಾಂಟೀನಿನ ಹಿಂದೆ ಇತ್ತು. ಇಷ್ಟು ಕಾಲ ಅದರ ಬಾಗಿಲ ಮುಂದೆಯೇ ಅವಳು ಬಿಸಿನೀರು ಹಿಡಿದುಕೊಂಡು ಹೋಗುತ್ತಿದ್ದಳು. ಗಾಲಿ ಕುರ್ಚಿಯನ್ನು ತಳ್ಳಿಕೊಂಡು ಒಳಗೆ ಹೋದಳು.

ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳೇ ಇದ್ದಳು. ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಅವನ ಬಾಯಿ ನೋಡಿದಳು. ಹಲ್ಲುಸೆಟ್ಟು ತೆಗೆದು ತಿರುಗಿಸಿ ಬೆಳಕಿಗೆ ಹಿಡಿದಳು.

"ಅಂಟು ಯಾವುದು ಹಾಕ್ತೀರಿ?"

ಅವಳು ಚೀಲದಿಂದ ಟ್ಯೂಬು ತೆಗೆದು ಕೊಟ್ಟಳು.

"ಒಂದು ಟ್ಯೂಬು ಎಷ್ಟು ದಿನ ಬರುತ್ತೆ?"

"ಎರಡು ದಿನ. ಮೊದಲು ಮೂರು ಬರೋದು."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು. "ಎರಡು ತಿಂಗಳಾ?"

"ದಿನ."

"ಇವರು ಗಾಲಿ ಕುರ್ಚೀಲಿ ಯಾಕಿದಾರೆ?"

"ಕಾಲು ಹೋಗಿದೆ. ಕೈಯೂ. ಮೇಲೆ ನರದವರು ನೋಡ್ತಿದಾರೆ."

"ರಕ್ತ ಕಡಿಮೆ ಇದೆ ಅಂದ್ರಾ?"

"ಅಂದ್ರು."

ಡಾಕ್ಟರಮ್ಮ ಟ್ಯೂಬಿನ ಹಿಂದಿನ ಸಣ್ಣ ಅಕ್ಷರಗಳನ್ನು ಕಣ್ಣಿನ ಹತ್ತಿರ ತಂದು ಓದಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಅವರಿಬ್ಬರ ಎದುರಿಗೆ ಕೂತಳು. ಇಷ್ಟು ಕಾಲದಲ್ಲಿ ಒಬ್ಬ ಡಾಕ್ಟರು ಅವರ ಎದುರಿಗೆ ಕೂತದ್ದು ಅದೇ ಮೊದಲು.

"ಈ ಅಂಟಲ್ಲಿ ಸತು ಇದೆ. ಸ್ವಲ್ಪ ಹೋದ್ರೆ ಏನಾಗಲ್ಲ. ದಿನಾ ಇಷ್ಟೊಂದು ಹೊಟ್ಟೆಗೆ ಹೋದ್ರೆ ಮೈಯಲ್ಲಿರೋ ತಾಮ್ರನ ಅದು ಹೊರಗೆ ಹಾಕುತ್ತೆ. ತಾಮ್ರ ಇಲ್ದಿದ್ರೆ ನರ ಸಾಯುತ್ತೆ, ರಕ್ತ ಕಡಿಮೆ ಆಗುತ್ತೆ. ಓದಿದ್ದೆ. ನೋಡಿದ್ದು ಇದೇ ಮೊದಲು. ಒಂದು ರಕ್ತ ಪರೀಕ್ಷೆ ಸಾಕು, ಗೊತ್ತಾಗುತ್ತೆ."

ಅವನು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದ. ಹಲ್ಲು ಡಾಕ್ಟರಮ್ಮನ ಕೈಯಲ್ಲಿತ್ತು. ಹೆಂಡತಿ ಕಿಟಕಿಯ ಆಚೆ ನೋಡಿದಳು. ಮೋಡ ಕಟ್ಟಿತ್ತು. ಮನೆಯಲ್ಲಿ ಹಗ್ಗದ ಮೇಲೆ ಬಟ್ಟೆ ಒಣಹಾಕಿ ಬಂದಿದ್ದೇನೆ ಎಂಬುದು ಮಾತ್ರ ತಲೆಗೆ ಬಂತು.

ರಕ್ತದಲ್ಲಿ ತಾಮ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇತ್ತು. ಸತು ತುಂಬಿ ಹೋಗಿತ್ತು.

ದೊಡ್ಡ ಡಾಕ್ಟರು ಮಾರನೆಯ ದಿನ ಹಿಂಡಿನ ಜೊತೆ ಬಂದರು. ಅವರ ಮುಖ ಮೊಳೆಯ ಸುದ್ದಿ ಕೇಳಿದ ದಿನಕ್ಕಿಂತ ಹೆಚ್ಚು ಅರಳಿತ್ತು. ಟ್ಯೂಬನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. "ನೋಡಿ, ಎಷ್ಟು ಸರಳ! ಒಂದೇ ಒಂದು ಪ್ರಶ್ನೆ!" ಎಂದರು. ಕಲಿಯುವವರು ಟ್ಯೂಬನ್ನು ಕೈಯಿಂದ ಕೈಗೆ ದಾಟಿಸಿದರು. ಒಬ್ಬ ಮುಚ್ಚಳ ತೆಗೆದು ಮೂಸಿ ನೋಡಿದ. ಯಾರ ಮೇಲೂ ಯಾರಿಗೂ ಸಿಟ್ಟಿರಲಿಲ್ಲ. ಯಾರಿಗೂ ನಾಚಿಕೆಯೂ ಇರಲಿಲ್ಲ. ಪರೀಕ್ಷೆಯ ಲೆಕ್ಕ ಬಿಡಿಸಿದ ಮಕ್ಕಳ ಹಾಗಿದ್ದರು.

"ಸುತ್ತಿಗೆ ಹಿಡೀತೀನಾ?" ಎಂದು ಅವನು ಕೇಳಿದ. ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಾಗಿ ಬಂತು. ಅವರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು.

"ಓ. ಕೈ ಸ್ವಲ್ಪ ಮಟ್ಟಿಗೆ ಬರಬಹುದು. ಕಾಲು... ತಡ ಆಯ್ತಲ್ಲ. ಬೆನ್ನುಹುರಿಗೆ ಆದದ್ದು ವಾಪಸ್ ಬರೋದು ಕಷ್ಟ," ಎಂದರು.

ಅವನು ತಲೆಯಾಡಿಸಿದ. ಉದ್ದ ಹೆಸರಿನ ಕಾಯಿಲೆಯ ಮಾತ್ರೆ ನಿಲ್ಲಿಸಿದರು. ತಾಮ್ರ ಕೊಟ್ಟರು. ಅಂಟು ಮುಟ್ಟಬೇಡಿ ಎಂದರು. ಮನೆಗೆ ಕಳಿಸಿದರು.

ಮನೆಗೆ ಬಂದ ಮೇಲೆ ಅವಳ ತಮ್ಮ ಬಾಗಿಲ ಹೊರಗೇ ನಿಂತ. ಒಳಗೆ ಬರಲಿಲ್ಲ. "ಭಾವ, ನಾನೇ ತಂದುಕೊಟ್ಟೆ," ಎಂದ.

"ಕಡಲೆಕಾಳಿನಷ್ಟು ಅಂದಿದ್ದೆ ನೀನು," ಎಂದ ಅವನು. "ಒಳಗೆ ಬಾ, ಸೊಳ್ಳೆ ಬರುತ್ತೆ."

ದರ್ಜಿ ಸುದ್ದಿ ಕೇಳಿ ಬಂದು ಮಂಚದ ಅಂಚಿನಲ್ಲಿ ಕೂತ. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತಲ್ಲೋ," ಎಂದ. "ಮೂಳೆ ಕೊರೆದ್ರು, ನರ ಕತ್ತರಿಸಿದ್ರು. ಬಾಯಿ ತೆಗಿ ಅಂತ ಒಬ್ಬನೂ ಅನ್ನಲಿಲ್ವಾ?" ಅವನು ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದ. ದರ್ಜಿ ಹೋಗುವವರೆಗೂ ಟವೆಲ್ಲು ತೆಗೆಯಲಿಲ್ಲ.

ರಕ್ತ ಮೊದಲು ಸರಿಯಾಯಿತು. ಆಮೇಲೆ ಬೆರಳಿಗೆ ಸ್ವಲ್ಪ ಬಂತು. ಒಂದು ಮಧ್ಯಾಹ್ನ ಅವಳು ಅವನ ಕಣ್ಣು ಮುಚ್ಚಿ ಕೈಗೆ ಒಂದೊಂದೇ ತುಂಡು ಬಟ್ಟೆ ಕೊಟ್ಟಳು. ರೆಕ್ಸಿನ್ ಅಂದ. ಸೆಣಬು ಅಂದ. ವೆಲ್ವೆಟ್ಟಿಗೆ ತಡವರಿಸಿದ. ಅಡ್ಡ ಸವರಿ, ಉದ್ದ ಸವರಿ, ವೆಲ್ವೆಟ್ ಅಂದ. ಅವಳು ಒಂದು ಸಣ್ಣ ಸ್ಟೂಲು ತಂದು ಅವನ ತೊಡೆಯ ಹತ್ತಿರ ಇಟ್ಟಳು. ಸುತ್ತಿಗೆ ಕೊಟ್ಟಳು. ಹಿಡಿದ. ಮೊಳೆ ಬಾಯಲ್ಲಿ ನಿಲ್ಲುವಂತಿರಲಿಲ್ಲ. ಅವಳು ಒಂದೊಂದಾಗಿ ಸುತ್ತಿಗೆಯ ಮೂತಿಗೆ ಕೊಟ್ಟಳು. ಕೆಲವು ಸೊಟ್ಟಗೆ ಹೋದವು. ಸ್ಟೂಲು ಸಂಜೆಗೆ ಮುಗಿಯಿತು. ಮೊದಲಾದರೆ ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ.

ಕಾಲು ಬರಲಿಲ್ಲ.

ಹಲ್ಲಿನ ಡಾಕ್ಟರಮ್ಮ ಒಂದು ಮಾತು ಹೇಳಿದ್ದಳು. ವಸಡಿನ ಹುಣ್ಣು ಒಣಗಲಿ, ಹೊಸ ಅಳತೆ ತೆಗೆದು ಅಂಟೇ ಬೇಡದ ಹಾಗೆ ಸೆಟ್ಟು ಮಾಡಿಕೊಡುತ್ತೇನೆ ಎಂದಿದ್ದಳು. ಹುಣ್ಣು ಒಣಗಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಮಗಳು ಅಳಿಯನನ್ನು ಕರೆದುಕೊಂಡು ಬರುತ್ತೇನೆ ಎಂದಳು. ಅಳಿಯನ ತಂದೆ ತಾಯಿಯೂ ನೋಡಲು ಬರುವವರಿದ್ದರು.

"ಒಂದು ಟ್ಯೂಬು ಉಳಿದಿದೆಯಲ್ಲ," ಎಂದ ಅವನು.

ಉಳಿದಿತ್ತು. ಬಿಸಾಕಬೇಕು ಎಂದುಕೊಂಡು ಕಪಾಟಿನ ಮೇಲೆ ಇಟ್ಟಿದ್ದಳು.

"ಬೇಡ," ಎಂದಳು.

"ಒಂದೇ ಒಂದು ದಿನ ಕಣೇ. ಬೀಗರು ಬರ್ತಿದಾರೆ. ಅವರ ಮುಂದೆ ಹೀಗೆ ಬೊಚ್ಚುಬಾಯಿ ಬಿಟ್ಕೊಂಡು ಕೂರಲಾ?"

"ಬೇಡ ಅಂದ್ನಲ್ಲ."

"ಒಂದು ಸಲಕ್ಕೆ ಏನಾಗಲ್ಲ ಅಂತ ಆ ಹಲ್ಲಿನ ಡಾಕ್ಟರ್ ಹುಡುಗೀನೇ ಹೇಳಿದಾಳೆ."

"ಕೈ ಬಂದಿದೆ. ಅದನ್ನೂ ಕಳ್ಕೋಬೇಕಾ ನಿಮಗೆ?"

ಅವನು ಕೈ ಚಾಚಿ, "ಕೊಡೇ," ಎಂದ. ಅವನ ದನಿಯಲ್ಲಿ ಜಗಳವಿರಲಿಲ್ಲ. ಅವಳು ಕೊಡಲಿಲ್ಲ. ಬೀಗರು ಬಂದರು. ಅವನು ಗೋಡೆಯ ಕಡೆ ತಿರುಗಿ ಮಲಗಿ, ನಿದ್ದೆ ಬಂದವನ ಹಾಗೆ ಇದ್ದುಬಿಟ್ಟ. ಪಾಪ, ಸುಸ್ತು ಎಂದರು ಬೀಗರು. ಹೌದು ಎಂದಳು ಅವಳು.

ಹೊಸ ಸೆಟ್ಟಿಗೆ ಅಳತೆ ಕೊಟ್ಟು ಬಂದರು. ಅದು ತಯಾರಾಗುವ ಮುಂಚೆ ಅವನಿಗೆ ಕಫ ಕಟ್ಟಿತು. ಮಲಗಿದ ಮೈಗೆ ಕಫ ಒಳ್ಳೆಯದಲ್ಲ. ಜ್ವರ ಬಂತು. ಬೀದಿ ಕೊನೆಯ ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ನೋಡಿದರು, ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಅವನು ಬೇಡ ಎಂದು ಕೈಯಾಡಿಸಿದ. ಕೈ ಚೆನ್ನಾಗಿಯೇ ಆಡಿತು. ಒಂದು ಬೆಳಿಗ್ಗೆ ಅವಳು ಗಂಜಿ ತೆಗೆದುಕೊಂಡು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಅವಳು ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. ಮಗಳಿಗೆ ಹೇಳಬೇಕು, ದರ್ಜಿಗೆ ಹೇಳಬೇಕು. ಹೇಳಿದರೆ ಜನ ಬರುತ್ತಾರೆ. ಅವಳು ಮೊದಲು ಬಾಗಿಲು ಹಾಕಿದಳು. ಹಳೆಯ ಹಲ್ಲುಸೆಟ್ಟನ್ನು ಡಬ್ಬಿಯಿಂದ ತೆಗೆದು ತೊಳೆದಳು. ಕಪಾಟಿನ ಮೇಲಿಂದ ಟ್ಯೂಬು ತೆಗೆದಳು. ಇನ್ನು ಅವನ ಕೈಗೂ ಕಾಲಿಗೂ ಏನೂ ಆಗುವುದಿರಲಿಲ್ಲ. ಬಾಯಿ ಇನ್ನೂ ಬೆಚ್ಚಗಿತ್ತು. ಮೇಲಿನದು ಕೂತಿತು. ಕೆಳಗಿನದು ಜಾರಿತು. ಮತ್ತೆ ಹಿಂಡಿದಳು. ಗದ್ದವನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಅಂಟು ಕಚ್ಚುವವರೆಗೆ ಹಾಗೇ ಕೂತಳು. ಆಮೇಲೆ ಬಾಗಿಲು ತೆಗೆದು ಹೊರಗೆ ಹೋಗಿ ಹೇಳಿದಳು.

ಬಂದವರೆಲ್ಲ ಮುಖ ನೋಡಿದರು. ದರ್ಜಿ ನೋಡಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಮಗಳು ಅತ್ತಳು. ಅವಳಿಗೆ ಅಳು ಬರಲಿಲ್ಲ. ಈಗ ಬರುತ್ತದೆ, ಆಮೇಲೆ ಬರುತ್ತದೆ ಎಂದು ಕಾದಳು. ಪಾತ್ರೆ ತೊಳೆದಳು. ಮಂಚದ ಹಾಸಿಗೆ ಬಿಚ್ಚಿ ಬಿಸಿಲಿಗೆ ಹಾಕಿದಳು. ಬರಲಿಲ್ಲ.

ಕೆಲವು ತಿಂಗಳಾದ ಮೇಲೆ ಫೋನು ಬಂತು. ದೊಡ್ಡ ಡಾಕ್ಟರೇ ಮಾತಾಡಿದರು. ಸುದ್ದಿ ತಿಳಿಯಿತು, ಬಹಳ ಬೇಜಾರಾಯಿತು ಎಂದರು. ಆಮೇಲೆ ಒಂದು ಸಭೆಯ ವಿಷಯ ಹೇಳಿದರು. ಬೇರೆ ಬೇರೆ ಊರಿನ ಡಾಕ್ಟರುಗಳು ಸೇರುತ್ತಾರಂತೆ. ಅಲ್ಲಿ ಅವನ ಕಾಯಿಲೆಯ ಕಥೆ ಹೇಳುತ್ತಾರಂತೆ. ಚಿತ್ರಗಳೆಲ್ಲ ಪರದೆಯ ಮೇಲೆ ಬರುತ್ತವಂತೆ.

"ಆ ಹಲ್ಲುಸೆಟ್ಟು ಇದ್ದರೆ ಬೇಕಿತ್ತಮ್ಮ. ಎಲ್ಲರಿಗೂ ತೋರಿಸೋಕೆ."

"ಇಲ್ಲ," ಎಂದಳು.

"ಬಿಸಾಕಿಬಿಟ್ರಾ?"

"ಅವರ ಬಾಯಲ್ಲೇ ಹೋಯ್ತು."

"ಇರಲಿ, ಇರಲಿ," ಎಂದರು. "ಒಂದು ಸಮಾಧಾನ ಏನಂದ್ರೆ, ಇನ್ನು ಮುಂದೆ ನಮ್ಮೋರು ಯಾರೂ ಇದನ್ನ ಮರೆಯಲ್ಲ. ಮೊದಲು ಹಲ್ಲು ಕೇಳ್ತಾರೆ. ನೀವೂ ಬರೋದಾದ್ರೆ ಬನ್ನಿ, ಮುಂದಿನ ಸಾಲಲ್ಲಿ ಕೂರಿಸ್ತೀವಿ."

"ಆ ಕೆಳಗಿನ ಡಾಕ್ಟರಮ್ಮ ಬರ್ತಾರಾ?"

"ಯಾರಮ್ಮ?"

"ಹಲ್ಲಿನವರು. ಟ್ಯೂಬು ಎಷ್ಟು ದಿನ ಬರುತ್ತೆ ಅಂತ ಕೇಳಿದ್ರಲ್ಲ, ಅವರು."

"ಓ, ಅವರಾ? ಇಲ್ಲಮ್ಮ, ಇದು ನರದವರ ಸಭೆ. ಅವರು ಬೇರೆ ವಿಭಾಗ."

"ಹೌದಾ," ಎಂದು ಅವಳು ಫೋನು ಇಟ್ಟಳು.